ಹಸಿರು ಹಾದಿಗಳಿಗೆ ನಗರದ ಹಣ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಳೆಯ ದಂಡೆ, ಕೈಬಿಟ್ಟ ರೈಲು ಮಾರ್ಗ, ಎರಡು ಉದ್ಯಾನಗಳ ನಡುವಿನ ತೆರವು ಜಾಗ, ಹೀಗೆ ಸಿಕ್ಕ ಕಡೆಯಲ್ಲೆಲ್ಲ ನಡೆಯುವವರಿಗೂ ಸೈಕಲ್ ಸವಾರರಿಗೂ ಹಸಿರು ಹಾದಿಗಳನ್ನು ಕಟ್ಟುವ ನಗರಗಳು ಜಗತ್ತಿನಲ್ಲಿ ಹೆಚ್ಚುತ್ತಿವೆ. ಅವುಗಳ ಹಣಕಾಸಿನ ಬಗ್ಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಉದಾಹರಣೆಗಳಲ್ಲಿ ಹೆಚ್ಚಿನವು ಅಮೆರಿಕದವು. ಹಾದಿಗೆ ಹಣ ಕೊಡಬೇಕೇ ಬೇಡವೇ ಎಂಬುದನ್ನು ಅಲ್ಲಿಯ ಹಲವು ನಗರಗಳು ಮತಪೆಟ್ಟಿಗೆಯ ಮುಂದಿಟ್ಟಿರುವುದರಿಂದ ಲೆಕ್ಕ ಕಣ್ಣೆದುರಿಗಿದೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಮುಂದಿನ ವರ್ಷಗಳಲ್ಲಿ ಕಾಪಾಡುವ ಹಣ ಎಲ್ಲಿಂದ ಬರುತ್ತದೆ ಎಂಬುದು ಇತ್ಯರ್ಥವಾಗುವವರೆಗೆ ಯಾವ ನಗರವೂ ಹೊಸ ಹಾದಿಯೊಂದನ್ನು ಉದ್ಘಾಟಿಸಬಾರದು.

ಹಸಿರು ಹಾದಿ ಉದ್ಯಾನವೋ, ರಸ್ತೆಯೋ? ಅದರ ಹೊಣೆ ಯಾರದು?

ಅದು ಉದ್ಯಾನವೂ ಹೌದು, ರಸ್ತೆಯೂ ಹೌದು. ಹಣದ ತೊಡಕು ಶುರುವಾಗುವುದೇ ಅಲ್ಲಿ. ಮರ, ಹುಲ್ಲು, ಬೆಂಚು ಇರುವುದರಿಂದ ಅದು ಉದ್ಯಾನ ಇಲಾಖೆಗೆ ಸೇರುತ್ತದೆ. ಜನ ಅದರ ಮೇಲೆ ಕೆಲಸಕ್ಕೆ, ಶಾಲೆಗೆ ಹೋಗಿ ಬರುವುದರಿಂದ ಸಾರಿಗೆ ಇಲಾಖೆಗೂ ಸಂಬಂಧಿಸಿದೆ. ಎಷ್ಟೋ ಹಾದಿಗಳು ಒಳಚರಂಡಿ ಕೊಳವೆಗಳ ಮೇಲೆ, ಹೊಳೆಯ ಪ್ರವಾಹ ಬಯಲಿನಲ್ಲಿ ಸಾಗುವುದರಿಂದ ಜಲ ಇಲಾಖೆಗೂ ಅಲ್ಲಿ ಕೆಲಸವಿದೆ. ಸೇತುವೆಯ ಹೊಣೆ ಒಬ್ಬರದು, ಅದರ ಕೆಳಗಿನ ದಂಡೆ ಇನ್ನೊಬ್ಬರದು, ದೀಪ ಮತ್ತೊಬ್ಬರದು. ಮೂರು ಇಲಾಖೆಗಳಿಗೆ ಸೇರಿದ ಕೆಲಸ ಬಜೆಟ್ ಹೊತ್ತಿನಲ್ಲಿ ಯಾರ ಪಟ್ಟಿಯಲ್ಲೂ ಮೇಲಕ್ಕೆ ಬರುವುದಿಲ್ಲ.

ಹಾದಿಯ ಆಕಾರವೂ ಖರ್ಚನ್ನು ಹೆಚ್ಚಿಸುತ್ತದೆ. ಚೌಕಾಕಾರದ ಉದ್ಯಾನಕ್ಕೆ ನಾಲ್ಕು ಅಂಚು, ಒಂದೆರಡು ಬಾಗಿಲು. ಅಷ್ಟೇ ವಿಸ್ತೀರ್ಣದ ಜಾಗವನ್ನು ಹತ್ತು ಕಿಲೋಮೀಟರ್ ಉದ್ದಕ್ಕೆ ಎಳೆದರೆ ನೂರಾರು ಮನೆಗಳ ಹಿತ್ತಿಲು, ಹತ್ತಾರು ರಸ್ತೆ ದಾಟುಗಳು, ಎಣಿಸಲಾಗದಷ್ಟು ಮೋರಿಗಳು ಅದಕ್ಕೆ ತಗುಲಿಕೊಳ್ಳುತ್ತವೆ. ಕೆಲಸಗಾರರು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವುದರಲ್ಲೇ ಅರ್ಧ ದಿನ ಕಳೆಯುತ್ತದೆ. ಉದ್ಯಾನದ ಎಕರೆವಾರು ಲೆಕ್ಕವನ್ನು ಹಾದಿಗೆ ಅನ್ವಯಿಸಿದರೆ ಹಣ ಸಾಲದೆ ಹೋಗುವುದು ಇದೇ ಕಾರಣಕ್ಕೆ.

ಬಳಸುವವರಿಂದಲೇ ಶುಲ್ಕ ಪಡೆದರೆ ಆಗದೇ?

ಆಗುವುದಿಲ್ಲ. ಹಾದಿಗೆ ಹತ್ತು ಹೆಜ್ಜೆಗೊಂದು ಪ್ರವೇಶವಿರುತ್ತದೆ. ಅಷ್ಟೂ ಕಡೆ ಗೇಟು ಹಾಕಿ ಆಳು ನಿಲ್ಲಿಸಿದರೆ ಬರುವ ಶುಲ್ಕ ಅವರ ಸಂಬಳಕ್ಕೇ ಸಾಲುವುದಿಲ್ಲ. ಪಾದಚಾರಿ ಮಾರ್ಗದಲ್ಲಿ ನಡೆಯಲು ಹಣ ಕೇಳದ ನಗರ ಹಸಿರು ಹಾದಿಯಲ್ಲಿ ನಡೆಯಲು ಕೇಳುವುದು ನ್ಯಾಯವೂ ಅಲ್ಲ.

ಕಟ್ಟಲು ಕೋಟಿಗಟ್ಟಲೆ ಹಣವಿರುವ ನಗರಕ್ಕೆ ಗುಂಡಿ ಮುಚ್ಚಲು ಏಕೆ ಹಣವಿರುವುದಿಲ್ಲ?

ಬಹಳ ಜನ ಕೋಪದಿಂದ ಕೇಳುವ ಪ್ರಶ್ನೆ ಇದು. ಆ ಕೋಪಕ್ಕೆ ಕಾರಣವಿದೆ. ಆದರೆ ಉತ್ತರ ಹೆಚ್ಚಾಗಿ ಭ್ರಷ್ಟಾಚಾರದಲ್ಲಿ ಇರುವುದಿಲ್ಲ, ಲೆಕ್ಕಪುಸ್ತಕದ ರಚನೆಯಲ್ಲಿ ಇರುತ್ತದೆ.

ನಗರದ ಹಣ ಎರಡು ಬೇರೆ ಬೇರೆ ಖಾತೆಗಳಲ್ಲಿ ಇರುತ್ತದೆ. ಒಂದು ಬಂಡವಾಳ ವೆಚ್ಚದ್ದು: ಜಾಗ ಕೊಳ್ಳುವುದು, ಹಾದಿ ಹಾಕುವುದು, ಸೇತುವೆ ಕಟ್ಟುವುದು. ಇದಕ್ಕೆ ಸಾಲ ತರಬಹುದು, ಮೇಲಿನ ಸರ್ಕಾರದ ಅನುದಾನ ಕೇಳಬಹುದು, ದಾನಿಗಳ ಹೆಸರಿನ ಫಲಕ ಹಾಕಬಹುದು. ಇನ್ನೊಂದು ರಾಜಸ್ವ ವೆಚ್ಚದ್ದು: ಸಂಬಳ, ಇಂಧನ, ಹುಲ್ಲು ಕತ್ತರಿಸುವ ಯಂತ್ರದ ರಿಪೇರಿ, ಬಿರುಕಿಗೆ ಸುರಿಯುವ ಡಾಂಬರು. ಇದು ಪ್ರತಿ ವರ್ಷದ ತೆರಿಗೆಯಿಂದಲೇ ಬರಬೇಕು. ಪೊಲೀಸ್, ಅಗ್ನಿಶಾಮಕ, ಕಸ ವಿಲೇವಾರಿ ಎಲ್ಲವೂ ಇದೇ ಖಾತೆಗೆ ಕೈಚಾಚುತ್ತವೆ. ಸಾಲದ ಹಣವನ್ನು ಸಂಬಳಕ್ಕೆ ಬಳಸದಂತೆ ಕಾನೂನು ತಡೆಯುತ್ತದೆ, ಅದು ಒಳ್ಳೆಯದೇ. ಇಪ್ಪತ್ತು ವರ್ಷ ತೀರಿಸಬೇಕಾದ ಸಾಲದಲ್ಲಿ ಈ ತಿಂಗಳ ಹುಲ್ಲು ಕತ್ತರಿಸುವುದು ತಪ್ಪು.

ಆದರೆ ಪರಿಣಾಮ ನೋಡಿ. ಮೊದಲ ಖಾತೆಯ ಪ್ರತಿಯೊಂದು ನಿರ್ಧಾರವೂ ಎರಡನೆಯ ಖಾತೆಯ ಮೇಲೆ ಎಂದೆಂದಿಗೂ ಮುಗಿಯದ ಭಾರ ಹೊರಿಸುತ್ತದೆ. ಐದು ಕಿಲೋಮೀಟರ್ ಹಾದಿ ಸೇರಿಸಿದ ವರ್ಷ ಉದ್ಯಾನ ಇಲಾಖೆಗೆ ಹೊಸ ಆಳು ಸೇರಿಸಿಕೊಳ್ಳದಿದ್ದರೆ, ಹಳೆಯ ಹಾದಿಗಳಿಂದ ಅಷ್ಟು ಹೊತ್ತು ಕಿತ್ತುಕೊಂಡಂತೆಯೇ ಸರಿ. ಹೊಸ ಹಾದಿಯ ಉದ್ಘಾಟನೆಯ ದಿನವೇ ಹಳೆಯ ಹಾದಿ ಹಾಳಾಗಲು ಆರಂಭಿಸುತ್ತದೆ, ಅದು ಯಾವ ವರದಿಯಲ್ಲೂ ಬರುವುದಿಲ್ಲ.

ನಿರ್ವಹಣೆ ಎಂದರೆ ಹುಲ್ಲು ಕತ್ತರಿಸಿ ಕಸ ಎತ್ತುವುದಲ್ಲವೇ?

ಕಣ್ಣಿಗೆ ಬೀಳುವ ಭಾಗ ಅದು. ಹಾದಿಯ ಆಯುಷ್ಯವನ್ನು ನಿರ್ಧರಿಸುವುದು ನೀರು.

ಮಳೆ ನಿಂತ ಮರುದಿನ ಯಾವುದಾದರೂ ಹಾದಿಯಲ್ಲಿ ನಡೆದು ನೋಡಿ. ಹಾದಿಯ ಕೆಳಗೆ ಅಡ್ಡಲಾಗಿ ಒಂದು ಮೋರಿ ಇರುತ್ತದೆ. ಅದರ ಬಾಯಿಗೆ ಕೊಂಬೆ ಅಡ್ಡ ಬಿದ್ದಿರುತ್ತದೆ, ಕೊಂಬೆಗೆ ಎಲೆ ಸಿಕ್ಕಿಕೊಂಡಿರುತ್ತದೆ, ಎಲೆಯ ಹಿಂದೆ ಹೂಳು ಕಟ್ಟಿರುತ್ತದೆ. ಹೋಗಲು ದಾರಿಯಿಲ್ಲದ ನೀರು ಹಾದಿಯ ಅಂಚಿಗೆ ಏರಿ, ಡಾಂಬರಿನ ಮೇಲೆ ತೆಳ್ಳಗೆ ಹರಿದು, ಆಚೆ ಬದಿಯ ಮಣ್ಣನ್ನು ಕೊರೆಯುತ್ತದೆ. ಮೊದಲ ಮಳೆಗಾಲದಲ್ಲಿ ಅಂಚಿನ ಕೆಳಗೆ ಕೈ ತೂರುವಷ್ಟು ಪೊಳ್ಳು ಉಂಟಾಗುತ್ತದೆ. ಮುಂದಿನ ಮಳೆಗಾಲದಲ್ಲಿ ಅಂಚು ಮುರಿದು ಬೀಳುತ್ತದೆ. ಒಬ್ಬ ಕೆಲಸಗಾರ ಗುದ್ದಲಿ ಹಿಡಿದು ಸ್ವಲ್ಪ ಹೊತ್ತಿನಲ್ಲಿ ತೆಗೆಯಬಹುದಾಗಿದ್ದ ಕೊಂಬೆ ಟೆಂಡರ್ ಕರೆಯಬೇಕಾದ ಕೆಲಸವಾಗುತ್ತದೆ.

ಎರಡನೆಯದು ಬೇರು. ನೆರಳಿಗೆಂದು ನೆಟ್ಟ ಮರದ ಬೇರಿಗೆ ಡಾಂಬರಿನ ತಳದಲ್ಲಿ ತೇವವೂ ಗಾಳಿಯೂ ಸಿಗುತ್ತವೆ. ಹಾಗಾಗಿ ಅದು ಪದರದ ಕೆಳಗೇ ಹರಿದು, ದಪ್ಪವಾಗುತ್ತ ಮೇಲ್ಮೈಯನ್ನು ಎತ್ತುತ್ತದೆ. ನಡೆಯುವವರಿಗೆ ಅದು ಸಣ್ಣ ಉಬ್ಬು, ಗಾಲಿಕುರ್ಚಿಯವರಿಗೆ ಅಡ್ಡಗೋಡೆ, ಸಂಜೆ ಮಬ್ಬಿನಲ್ಲಿ ಬರುವ ಸೈಕಲ್ ಸವಾರರಿಗೆ ಅಪಾಯ. ಬೇರನ್ನು ಬುಡದ ಹತ್ತಿರ ಕಡಿದರೆ ಮರವೇ ಗಾಳಿಗೆ ಉರುಳಬಹುದು. ಮರ ನೆಡುವಾಗಲೇ ಹಾದಿಯಿಂದ ದೂರ ಬಿಡುವುದು, ಬೇರು ತಡೆಯುವ ಹಾಳೆಯನ್ನು ನೆಲದಲ್ಲಿ ಇಳಿಸುವುದು, ಎತ್ತಿದ ಕಡೆ ಪದರವನ್ನು ಬಿಚ್ಚಿ ಬೇರಿನ ಮೇಲಿಂದ ಇಳಿಜಾರಾಗಿ ಮತ್ತೆ ಹಾಕುವುದು, ಇವೇ ಸರಿಯಾದ ದಾರಿಗಳು.

ಜೌಗು ನೆಲದ ಮೇಲಿನ ಮರದ ಹಲಗೆ ಹಾದಿಗಳಿಗೆ ಬೇರೆಯೇ ಕಣ್ಣು ಬೇಕು. ಮೊಳೆ, ಸ್ಕ್ರೂ ಹೊಡೆದ ತೂತಿನಿಂದಲೇ ನೀರು ಒಳಗಿಳಿದು ಅಡ್ಡತೊಲೆ ಒಳಗಿಂದ ಕೊಳೆಯುತ್ತದೆ. ಮೇಲಿನಿಂದ ನೋಡಿದರೆ ಎಲ್ಲವೂ ಗಟ್ಟಿಯಾಗಿಯೇ ಕಾಣುತ್ತದೆ. ಕೆಳಗೆ ಇಳಿದು ಚೂಪಾದ ಉಪಕರಣದಿಂದ ಚುಚ್ಚಿ ನೋಡುವವರು ಬೇಕು. ಇವುಗಳ ಜೊತೆಗೆ ಬಿರುಕಿಗೆ ಡಾಂಬರು ತುಂಬುವುದು, ಒಣಗಿದ ಕೊಂಬೆ ಇಳಿಸುವುದು, ಪಾಚಿ ತೊಳೆಯುವುದು, ಮಾಸಿದ ಗೆರೆಗಳಿಗೆ ಬಣ್ಣ ಬಳಿಯುವುದು, ಪರಕೀಯ ಕಳೆ ಕೀಳುವುದು.

ಸೇತುವೆಗಳ ಪರಿಶೀಲನೆಗೂ ಪ್ರತ್ಯೇಕ ಹಣ ಬೇಕೇ?

ಖಂಡಿತ ಬೇಕು. ಮಿನಿಯಾಪೊಲಿಸ್‌ನ ಮಿಡ್‌ಟೌನ್ ಗ್ರೀನ್‌ವೇ ಹಳೆಯ ರೈಲು ಕಣಿವೆಯಲ್ಲಿ ಸುಮಾರು 9 ಕಿಲೋಮೀಟರ್ ಸಾಗುವ ಹಾದಿ. ಅದನ್ನು ಹೆದ್ದಾರಿಯೊಂದರ ಮೇಲೆ ದಾಟಿಸಲು 2007ರಲ್ಲಿ ಮಾರ್ಟಿನ್ ಓಲಾವ್ ಸಾಬೊ ಸೇತುವೆಯನ್ನು ತೆರೆಯಲಾಯಿತು. ಕೇಬಲ್‌ಗಳಿಂದ ತೂಗುವ, ಕಣ್ಣು ಸೆಳೆಯುವ ರಚನೆ. 2012ರ ಫೆಬ್ರುವರಿಯಲ್ಲಿ ಕೇಬಲ್‌ಗಳನ್ನು ಹಿಡಿದಿದ್ದ ಲೋಹದ ಫಲಕ ಬಿರುಕು ಬಿಟ್ಟು ಕೇಬಲ್‌ಗಳು ಕಳಚಿ ಬಿದ್ದವು. ಗಾಳಿಗೆ ಕೇಬಲ್‌ಗಳು ಸತತವಾಗಿ ಕಂಪಿಸಿದ್ದರಿಂದ ಲೋಹ ದಣಿದಿತ್ತು. ಸೇತುವೆಯನ್ನು ತಿಂಗಳುಗಟ್ಟಲೆ ಮುಚ್ಚಬೇಕಾಯಿತು. ಐದು ವರ್ಷವೂ ತುಂಬದ ಸೇತುವೆ ಅದು. ಹೊಸದಾಗಿರುವುದರಿಂದ ನೋಡಬೇಕಿಲ್ಲ ಎಂದುಕೊಳ್ಳುವ ನಗರಗಳು ಈ ಘಟನೆಯನ್ನು ನೆನಪಿಡಬೇಕು. ಕಾರು ಓಡದ ಸೇತುವೆಯೂ ಸೇತುವೆಯೇ.

ದುರಸ್ತಿಯನ್ನು ಎರಡು ಮೂರು ವರ್ಷ ಮುಂದೂಡಿದರೆ ಏನು ನಷ್ಟ?

ಮೊದಲ ಒಂದೆರಡು ವರ್ಷ ಏನೂ ಕಾಣುವುದಿಲ್ಲ. ಮುಂದೂಡುವುದು ಅಧಿಕಾರಿಗಳಿಗೆ ಸುಲಭವಾಗುವುದೂ ಅದರಿಂದಲೇ. ಡಾಂಬರು ಬಿಸಿಲಿಗೆ ಗಡುಸಾಗಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಬಿರುಕಿನಿಂದ ನೀರು ಇಳಿದು ತಳದ ಜಲ್ಲಿಯ ಹಾಸು ಮೆದುವಾಗುತ್ತದೆ. ಅಲ್ಲಿಯವರೆಗೆ ನಡೆಯುವವರ, ಸೈಕಲ್‌ಗಳ ಭಾರಕ್ಕೆ ಹಾದಿ ಕದಲುವುದಿಲ್ಲ. ಕುಸಿತ ಬರುವುದು ಕಸ ಸಂಗ್ರಹಿಸುವ ಅಥವಾ ಮರ ಕತ್ತರಿಸುವ ಲಾರಿ ಬಂದಾಗ. ಹಾದಿಯ ಮೇಲೆ ಓಡಾಡುವ ಅತಿ ಭಾರದ ವಾಹನ ನಿರ್ವಹಣೆಯ ವಾಹನವೇ. ಮೆದುವಾದ ತಳದ ಮೇಲೆ ಅದರ ಚಕ್ರ ಹರಿದ ಕಡೆ ಮೇಲ್ಮೈ ಸಣ್ಣ ಸಣ್ಣ ಚೂರುಗಳಾಗಿ ಒಡೆಯುತ್ತದೆ.

ಬಿರುಕಿನ ಹಂತದಲ್ಲಿ ಬೇಕಿದ್ದುದು ಒಂದು ತಂಡ, ಬಿಸಿ ಡಾಂಬರಿನ ಒಂದು ಪಾತ್ರೆ. ಚೂರಾದ ಮೇಲೆ ತಳದವರೆಗೆ ಅಗೆದು ಹೊಸದಾಗಿ ಹಾಕಬೇಕು. ಎರಡರ ನಡುವಿನ ವೆಚ್ಚದ ಅಂತರ ಹಲವು ಪಟ್ಟು. ಈ ಎರಡನೆಯ ಕೆಲಸವನ್ನು ಬಂಡವಾಳ ವೆಚ್ಚ ಎಂದು ತೋರಿಸಿ ಸಾಲದ ಹಣದಲ್ಲಿ ಮಾಡಬಹುದು ಎಂಬುದು ನನ್ನನ್ನು ಅತಿಯಾಗಿ ನೋಯಿಸುವ ಸಂಗತಿ. ಹಾಳಾಗಲು ಬಿಟ್ಟ ನಗರಕ್ಕೆ ಹಣ ಸಿಗುತ್ತದೆ, ಕಾಪಾಡಲು ಹೊರಟ ನಗರಕ್ಕೆ ಸಿಗುವುದಿಲ್ಲ. ವ್ಯವಸ್ಥೆಯೇ ತಪ್ಪು ದಾರಿಗೆ ಬಹುಮಾನ ಕೊಡುತ್ತಿದೆ.

ಹಾದಿಗೆಂದೇ ಮೀಸಲು ತೆರಿಗೆ ಹಾಕಿದ ನಗರಗಳಿವೆಯೇ?

ಇವೆ. ಸ್ಥಿರವಾದ ನಿರ್ವಹಣೆಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಕೊಲೊರಾಡೊದ ಬೌಲ್ಡರ್ ನಗರದ ಮತದಾರರು 1967ರಲ್ಲೇ ಬಯಲು ಜಾಗಗಳನ್ನು ಕೊಂಡು ಕಾಪಾಡಲು 0.4 ಶೇಕಡಾ ಮಾರಾಟ ತೆರಿಗೆಯನ್ನು ಮೀಸಲಿಡಲು ಒಪ್ಪಿದರು. ಮಿಸ್ಸೂರಿಯ ಸೇಂಟ್ ಲೂಯಿಸ್ ಪ್ರದೇಶದ್ದು ಇನ್ನೂ ನೇರವಾದ ಉದಾಹರಣೆ. 2000ದಲ್ಲಿ ಸೇಂಟ್ ಲೂಯಿಸ್ ನಗರ ಮತ್ತು ಪಕ್ಕದ ಎರಡು ಕೌಂಟಿಗಳ ಜನ ಮತ ಹಾಕಿ 'ಗ್ರೇಟ್ ರಿವರ್ಸ್ ಗ್ರೀನ್‌ವೇ' ಎಂಬ ಸಾರ್ವಜನಿಕ ಸಂಸ್ಥೆಯನ್ನೇ ಹುಟ್ಟುಹಾಕಿದರು. ಅದಕ್ಕೆ ಕೊಟ್ಟ ಮಾರಾಟ ತೆರಿಗೆ ಡಾಲರಿಗೆ ಒಂದು ಸೆಂಟಿನ ಹತ್ತನೇ ಒಂದು ಭಾಗ. ನೂರು ಡಾಲರ್ ಖರೀದಿಗೆ ಹತ್ತು ಸೆಂಟ್. 2013ರಲ್ಲಿ ಇನ್ನೊಂದು ಸಣ್ಣ ತೆರಿಗೆಯ ಪಾಲನ್ನೂ ಜನ ಸೇರಿಸಿದರು. ಹಾದಿಯೇ ಮುಖ್ಯ ಕೆಲಸವಾದ ಸಂಸ್ಥೆ, ಪ್ರತಿ ವರ್ಷ ಬರುವ ಹಣ, ನಗರದ ಗಡಿ ದಾಟಿ ಯೋಜಿಸುವ ಅಧಿಕಾರ, ಈ ಮೂರೂ ಅಲ್ಲಿ ಒಟ್ಟಿಗೆ ಸೇರಿವೆ. ಹೊಳೆಗಳು ನಗರಸಭೆಯ ಗಡಿ ನೋಡಿ ಹರಿಯುವುದಿಲ್ಲವಾದ್ದರಿಂದ ಮೂರನೆಯದು ಸಣ್ಣ ವಿಷಯವಲ್ಲ.

ಮಾರಾಟ ತೆರಿಗೆಗೆ ದೋಷಗಳಿವೆ. ವ್ಯಾಪಾರ ಕುಸಿದ ವರ್ಷ ಆದಾಯವೂ ಕುಸಿಯುತ್ತದೆ. ಬಡವರು ತಮ್ಮ ಗಳಿಕೆಯ ಹೆಚ್ಚಿನ ಪಾಲನ್ನು ಖರೀದಿಗೇ ಖರ್ಚು ಮಾಡುವುದರಿಂದ ಅವರ ಮೇಲೆ ಭಾರ ಹೆಚ್ಚು. ಈ ತೆರಿಗೆಯ ಹಣ ಮೊದಲು ಬಡ ಬಡಾವಣೆಗಳ ಹಾದಿಗಳಿಗೆ ಹೋಗದಿದ್ದರೆ ಅನ್ಯಾಯ ಇಮ್ಮಡಿಯಾಗುತ್ತದೆ.

ಬಾಂಡ್ ಮೂಲಕ ಸಾಲ ಎತ್ತುವುದು ಸರಿಯೇ?

ದೀರ್ಘಕಾಲ ಬಾಳುವ ಕೆಲಸಕ್ಕೆ ಸರಿ. ಉತ್ತರ ಕೆರೊಲಿನಾದ ರಾಲಿ ನಗರ 1970ರ ದಶಕದಿಂದಲೇ ಹೊಳೆಗಳ ದಂಡೆಯಲ್ಲಿ ಹಾದಿ ಜಾಲ ಕಟ್ಟುತ್ತ ಬಂದಿದೆ, ಈಗ ಅದು 160 ಕಿಲೋಮೀಟರ್ ದಾಟಿದೆ. ಅಲ್ಲಿಯ ಮತದಾರರು 2022ರಲ್ಲಿ ಉದ್ಯಾನಗಳು ಮತ್ತು ಹಾದಿಗಳಿಗಾಗಿ 27.5 ಕೋಟಿ ಡಾಲರ್ ಬಾಂಡ್‌ಗೆ ಒಪ್ಪಿಗೆ ಕೊಟ್ಟರು. ಟೆಕ್ಸಸ್‌ನ ಆಸ್ಟಿನ್ ನಗರದಲ್ಲಿ 2020ರಲ್ಲಿ ಪಾದಚಾರಿ ಮಾರ್ಗ, ಸೈಕಲ್ ಪಥ, ನಗರ ಹಾದಿಗಳಿಗೆಂದು 46 ಕೋಟಿ ಡಾಲರ್ ಬಾಂಡ್ ಗೆದ್ದಿತು. ಇಷ್ಟು ದೊಡ್ಡ ಮೊತ್ತಕ್ಕೆ ಜನ ತಾವಾಗಿಯೇ ಕೈ ಎತ್ತುತ್ತಾರೆ ಎಂಬುದನ್ನು ಹಾದಿಗೆ ಬೇಡಿಕೆಯಿಲ್ಲ ಎನ್ನುವವರು ಗಮನಿಸಬೇಕು.

ನನ್ನ ಬೇಡಿಕೆ ಒಂದೇ. ಬಾಂಡ್ ಪ್ರಸ್ತಾವದ ಪಕ್ಕದಲ್ಲೇ ಇನ್ನೊಂದು ಸಾಲು ಇರಲಿ: ಈ ಹಾದಿಗಳು ಪೂರ್ಣಗೊಂಡ ಮೇಲೆ ವಾರ್ಷಿಕ ನಿರ್ವಹಣೆಗೆ ಇಷ್ಟು ಬೇಕು, ಅದು ಇಂಥ ಆದಾಯದಿಂದ ಬರುತ್ತದೆ. ಮತ ಕೇಳುವ ಮೊದಲು ಈ ಸಾಲನ್ನು ಬರೆಯಲು ಹಿಂಜರಿಯುವ ನಗರಕ್ಕೆ ಉತ್ತರ ಗೊತ್ತಿಲ್ಲವೆಂದೇ ಅರ್ಥ.

ಹಾದಿ ಬಂದ ಮೇಲೆ ಸುತ್ತಲಿನ ಆಸ್ತಿ ಬೆಲೆ ಏರುತ್ತದೆಯಲ್ಲ, ಆ ಲಾಭದಿಂದಲೇ ಹಣ ಪಡೆಯಬಾರದೇ?

ಪಡೆಯಬಹುದು, ಎಚ್ಚರದಿಂದ. ಅಟ್ಲಾಂಟಾ ನಗರದ ಬೆಲ್ಟ್‌ಲೈನ್ ಇದರ ದೊಡ್ಡ ಪ್ರಯೋಗ. ಹಳೆಯ ರೈಲು ಮಾರ್ಗಗಳನ್ನು ಜೋಡಿಸಿ ನಗರದ ಸುತ್ತ 22 ಮೈಲಿ, ಅಂದರೆ ಸುಮಾರು 35 ಕಿಲೋಮೀಟರ್ ವೃತ್ತ ಮಾಡುವ ಈ ಕಲ್ಪನೆ 1999ರಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರ ಪ್ರಬಂಧದಲ್ಲಿ ಹುಟ್ಟಿತು. 2005ರಲ್ಲಿ ನಗರ ಹಾದಿಯ ಆಸುಪಾಸಿನ ಪ್ರದೇಶವನ್ನು ವಿಶೇಷ ತೆರಿಗೆ ವಲಯವಾಗಿ ಘೋಷಿಸಿತು. ವಿಧಾನ ಹೀಗಿದೆ: ಆ ವರ್ಷದ ಆಸ್ತಿ ತೆರಿಗೆಯನ್ನು ಮೂಲ ಮಟ್ಟವೆಂದು ಹಿಡಿದು, ಮುಂದೆ ಬೆಲೆ ಏರಿದಂತೆ ಹೆಚ್ಚುವರಿಯಾಗಿ ಬರುವ ತೆರಿಗೆಯನ್ನು ಬೆಲ್ಟ್‌ಲೈನ್‌ಗೇ ಕೊಡುವುದು. ಮೂರೇ ವರ್ಷದಲ್ಲಿ, 2008ರ ಆರ್ಥಿಕ ಕುಸಿತದಲ್ಲಿ, ಬೆಲೆ ಇಳಿದು ನಿರೀಕ್ಷೆ ತಲೆಕೆಳಗಾಯಿತು. ಕಡೆಗೆ 2021ರಲ್ಲಿ ಹಾದಿಯ ವೃತ್ತವನ್ನು ಪೂರ್ಣಗೊಳಿಸಲು ವಾಣಿಜ್ಯ ಮತ್ತು ಬಹುಮಹಡಿ ವಸತಿ ಆಸ್ತಿಗಳ ಮೇಲೆ ಇನ್ನೊಂದು ವಿಶೇಷ ತೆರಿಗೆಯನ್ನು ನಗರ ತರಬೇಕಾಯಿತು.

ಹಣಕ್ಕಿಂತ ದೊಡ್ಡ ಪ್ರಶ್ನೆ ಮನುಷ್ಯರದು. ಬೆಲೆ ಏರಿದರೆ ಮಾತ್ರ ಹಾದಿಗೆ ಹಣ ಎಂಬ ವ್ಯವಸ್ಥೆಯಲ್ಲಿ ನಗರವೇ ಬೆಲೆ ಏರಲೆಂದು ಕಾಯುತ್ತ ಕೂರುತ್ತದೆ. ಬಾಡಿಗೆದಾರರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುತ್ತಾರೆ. ಅಟ್ಲಾಂಟಾ ಇದನ್ನು ಅರಿತೇ 2030ರೊಳಗೆ ಕೈಗೆಟಕುವ ದರದ 5,600 ಮನೆಗಳ ಗುರಿ ಇಟ್ಟುಕೊಂಡಿತು. ಗುರಿ ಒಳ್ಳೆಯದು. ಆದರೆ ಮನೆಗಳಿಗೆ ಜಾಗ ಕೊಳ್ಳುವುದು ಹಾದಿ ಬರುವ ಮೊದಲೇ ಆಗಬೇಕು. ಆಮೇಲೆ ಆ ಬೆಲೆ ನಗರಕ್ಕೂ ಎಟಕುವುದಿಲ್ಲ.

ಮೇಲಿನ ಸರ್ಕಾರದ ಅನುದಾನಗಳಿಂದ ಎಷ್ಟು ನೆರವಾಗುತ್ತದೆ?

ಕಟ್ಟಲು ಬಹಳ, ಕಾಪಾಡಲು ತೀರಾ ಕಡಿಮೆ. ಅಮೆರಿಕದಲ್ಲಿ 1964ರ ಕಾನೂನಿನಿಂದ ಬಂದ ಭೂ ಮತ್ತು ಜಲ ಸಂರಕ್ಷಣಾ ನಿಧಿಗೆ ಮುಖ್ಯವಾಗಿ ಸಮುದ್ರದಾಳದ ತೈಲ, ಅನಿಲ ಗುತ್ತಿಗೆಗಳ ಆದಾಯ ಸೇರುತ್ತದೆ. 2020ರ ಕಾನೂನು ಅದಕ್ಕೆ ವರ್ಷಕ್ಕೆ 90 ಕೋಟಿ ಡಾಲರನ್ನು ಖಾಯಂ ಆಗಿ ಖಚಿತಪಡಿಸಿತು. ಆ ನಿಧಿಯಿಂದ ಸ್ಥಳೀಯ ಕಾಮಗಾರಿಗೆ ಹಣ ಪಡೆದ ಜಾಗವನ್ನು ಹೊರಾಂಗಣ ವಿಹಾರಕ್ಕೆ ಶಾಶ್ವತವಾಗಿ ಉಳಿಸಿಕೊಳ್ಳಬೇಕು ಎಂಬ ಷರತ್ತಿದೆ. ಇದು ಅತ್ಯುತ್ತಮ ಷರತ್ತು. 1991ರ ಸಾರಿಗೆ ಕಾನೂನು ಹೆದ್ದಾರಿ ಹಣದ ಒಂದು ಭಾಗವನ್ನು ನಡೆಯುವ, ಸೈಕಲ್ ತುಳಿಯುವ ಹಾದಿಗಳಿಗೆ ತೆರೆದಿಟ್ಟಿತು. ಆ ಮಾದರಿಯ ಅನುದಾನಗಳಲ್ಲಿ ಸಾಮಾನ್ಯವಾಗಿ ಶೇಕಡಾ 80ರಷ್ಟು ಕೇಂದ್ರದ್ದು, ಶೇಕಡಾ 20 ಸ್ಥಳೀಯರದು. ಹಳೆಯ ಹಾದಿಗಳ ದುರಸ್ತಿಗೂ ಹಣ ಕೊಡುವ ಯೋಜನೆ ಎಂದರೆ ವಿಹಾರ ಹಾದಿಗಳ ಕಾರ್ಯಕ್ರಮ, ಆದರೆ ಅದರ ಗಾತ್ರ ಸಣ್ಣದು.

ಅನುದಾನ ಬೇಡುವ ಸಣ್ಣ ನಗರಗಳಿಗೆ ಎರಡು ಮಾತು. ಹಲವು ಅನುದಾನಗಳಲ್ಲಿ ನಗರ ಮೊದಲು ಖರ್ಚು ಮಾಡಿ ರಸೀದಿ ತೋರಿಸಿದ ಮೇಲೆ ಹಣ ಬರುತ್ತದೆ, ಆದ್ದರಿಂದ ಕೈಯಲ್ಲಿ ನಗದು ಇರಲೇಬೇಕು. ಎರಡನೆಯದಾಗಿ, ಸಿದ್ಧ ನಕ್ಷೆ, ಸಿದ್ಧ ಅಂದಾಜು ಪಟ್ಟಿ, ಇತ್ಯರ್ಥವಾದ ಜಾಗದ ಹಕ್ಕು ಇರುವವರಿಗೇ ಅನುದಾನ ಮೊದಲು ಸಿಗುತ್ತದೆ. ನಕ್ಷೆ ತಯಾರಿಕೆಗೆ ಪ್ರತಿ ವರ್ಷ ಸ್ವಲ್ಪ ಹಣ ತೆಗೆದಿಡುವ ನಗರ ಉಳಿದವರಿಗಿಂತ ಮುಂದಿರುತ್ತದೆ.

ದಾನಿಗಳಿಗೆ, ಟ್ರಸ್ಟ್‌ಗಳಿಗೆ ವಹಿಸಿಬಿಟ್ಟರೆ?

ನ್ಯೂಯಾರ್ಕ್‌ನ ಹೈ ಲೈನ್ 2009ರಲ್ಲಿ ತೆರೆಯಿತು. ಎತ್ತರದ ಹಳೆಯ ರೈಲು ಹಳಿಯ ಮೇಲಿನ 2.3 ಕಿಲೋಮೀಟರ್ ಉದ್ಯಾನ. ಜಾಗದ ಒಡೆತನ ನಗರದ್ದು. ನಡೆಸುವ ವೆಚ್ಚದ ಬಹುಪಾಲನ್ನು 'ಫ್ರೆಂಡ್ಸ್ ಆಫ್ ದಿ ಹೈ ಲೈನ್' ಸಂಸ್ಥೆ ತಾನೇ ಸಂಗ್ರಹಿಸುತ್ತದೆ. ಇಂಡಿಯಾನಾಪೊಲಿಸ್‌ನ ಕಲ್ಚರಲ್ ಟ್ರೇಲ್ 2013ರಲ್ಲಿ ಮುಗಿದಾಗ ಅದರ ಸುಮಾರು 6.3 ಕೋಟಿ ಡಾಲರ್ ವೆಚ್ಚದಲ್ಲಿ ಖಾಸಗಿ ದಾನದ ಪಾಲು ದೊಡ್ಡದಿತ್ತು, ಅದನ್ನು ನೋಡಿಕೊಳ್ಳುವುದೂ ಲಾಭರಹಿತ ಸಂಸ್ಥೆಯೇ.

ಈ ಹಾದಿಗಳು ಚೊಕ್ಕಟವಾಗಿವೆ, ನಿಜ. ಆದರೆ ಅವು ನಗರದ ನಡುಭಾಗದಲ್ಲಿ, ದಾನಿಗಳ ಕಿಟಕಿಯ ಕೆಳಗೆ, ಪ್ರವಾಸಿಗರ ಕಣ್ಣೆದುರು ಇವೆ. ಊರಂಚಿನ ಬಡಾವಣೆಯ ಹಿಂದೆ ಹರಿಯುವ ತೊರೆಯ ಪಕ್ಕದ ಹಾದಿಗೆ ಅಂಥ ಗೆಳೆಯರ ಬಳಗ ಹುಟ್ಟುವುದು ಅಪರೂಪ. ದಾನದಿಂದ ಉಳಿದ ಸಾರ್ವಜನಿಕ ಹಣವನ್ನು ದಾನಿಗಳಿಲ್ಲದ ಹಾದಿಗೆ ನಗರ ತಿರುಗಿಸಿದರೆ ಈ ವ್ಯವಸ್ಥೆ ಎಲ್ಲರಿಗೂ ಒಳ್ಳೆಯದು. ತಿರುಗಿಸದಿದ್ದರೆ ಒಂದೇ ನಗರದಲ್ಲಿ ಎರಡು ದರ್ಜೆಯ ಹಾದಿಗಳಾಗುತ್ತವೆ. ದಾನ ಸ್ವೀಕರಿಸುವಾಗ ಅದರ ಒಂದು ಭಾಗವನ್ನು ಬಡ್ಡಿ ಬರುವ ನಿರ್ವಹಣಾ ನಿಧಿಯಾಗಿ ಇಡಬೇಕೆಂದು ಕೇಳುವ ಧೈರ್ಯವೂ ನಗರಕ್ಕೆ ಬೇಕು.

ಸ್ವಯಂಸೇವಕರು ಸಾಲುವುದಿಲ್ಲವೇ?

ಕಸ ಹೆಕ್ಕಲು, ಕಳೆ ಕೀಳಲು, ಸಸಿ ನೆಡಲು, ದೋಷ ಕಂಡ ಕೂಡಲೇ ತಿಳಿಸಲು ಅವರಷ್ಟು ಒಳ್ಳೆಯವರಿಲ್ಲ. ಗರಗಸ, ಡಾಂಬರು, ಸೇತುವೆ ಅವರ ಕೆಲಸವಲ್ಲ. ಅವರನ್ನು ಕೂಡಿಸಲು, ಕೈಗವಸು ಮತ್ತು ಸಲಕರಣೆ ಒದಗಿಸಲು, ತರಬೇತಿ ಕೊಡಲು ಒಬ್ಬ ಸಂಬಳದ ನೌಕರ ಬೇಕೇ ಬೇಕು.

ಯಾವ ಮೇಲ್ಮೈ ಅಗ್ಗ? ಡಾಂಬರು, ಕಾಂಕ್ರೀಟ್, ಜಲ್ಲಿಪುಡಿ?

ಹಾಕುವ ದಿನದ ಬೆಲೆ ನೋಡಿದರೆ ಜಲ್ಲಿಪುಡಿ ಅಗ್ಗ, ಕಾಂಕ್ರೀಟ್ ದುಬಾರಿ, ಡಾಂಬರು ನಡುವೆ. ವರ್ಷಗಳ ಲೆಕ್ಕದಲ್ಲಿ ಉತ್ತರ ನೆಲವನ್ನು ಅವಲಂಬಿಸಿದೆ. ಒತ್ತಿ ಕೂರಿಸಿದ ಜಲ್ಲಿಪುಡಿ ಸಮತಟ್ಟು, ಒಣ ನೆಲದಲ್ಲಿ ಚೆನ್ನಾಗಿ ನಿಲ್ಲುತ್ತದೆ, ಓಡುವವರ ಮೊಣಕಾಲಿಗೂ ಹಿತ. ಇಳಿಜಾರಿನಲ್ಲಿ, ನೆರೆ ಬರುವ ಕಡೆ ಅದು ಪ್ರತಿ ಮಳೆಗಾಲವೂ ಕೊಚ್ಚಿ ಹೋಗುತ್ತದೆ. ಹೊಳೆ ಮೇಲೇರಿ ಮುಳುಗಿಸುವ ತುಣುಕುಗಳಿಗೆ ಕಾಂಕ್ರೀಟ್ ಹಾಕುವುದೇ ಲಾಭ; ನೀರು ಇಳಿದ ಮೇಲೆ ಕೆಸರನ್ನು ತೊಳೆದರೆ ಹಾದಿ ಮತ್ತೆ ಸಿದ್ಧ. ಇಡೀ ಹಾದಿಗೆ ಒಂದೇ ಮೇಲ್ಮೈ ಇರಬೇಕೆಂಬ ನಿಯಮವೇನಿಲ್ಲ.

ಹೊಳೆ ದಂಡೆಯ ಹಾದಿ ಮುಳುಗುತ್ತದೆಂದು ಗೊತ್ತಿದ್ದೂ ಅಲ್ಲಿಯೇ ಏಕೆ ಕಟ್ಟುತ್ತಾರೆ?

ಮುಳುಗುವ ಜಾಗದಲ್ಲಿ ಮನೆ ಕಟ್ಟಬಾರದು ಎಂಬುದೇ ಕಾರಣ. ಹೊಳೆಗೆ ಹರಡಿಕೊಳ್ಳಲು ಜಾಗ ಬಿಟ್ಟರೆ ಕೆಳಗಿನ ಬಡಾವಣೆಗಳು ಉಳಿಯುತ್ತವೆ. ಹಾದಿ ಒಂದೆರಡು ದಿನ ಮುಳುಗಿದರೆ ಯಾರ ಬದುಕೂ ಮುಳುಗುವುದಿಲ್ಲ. ಸಿಂಗಪುರ 1990ರ ದಶಕದಿಂದ ಕಾಲುವೆಗಳ ಅಂಚಿನ ಮೀಸಲು ಪಟ್ಟಿಗಳನ್ನು ಬಳಸಿ ಉದ್ಯಾನಗಳನ್ನು ಬೆಸೆಯುವ 300 ಕಿಲೋಮೀಟರಿಗೂ ಮಿಕ್ಕ ಹಾದಿ ಜಾಲ ಕಟ್ಟಿದೆ. ಭೂಮಿ ಅತಿ ವಿರಳವಾದ ದೇಶದಲ್ಲಿ ಒಂದೇ ಪಟ್ಟಿ ಎರಡು ಕೆಲಸ ಮಾಡುತ್ತಿದೆ.

ಇದರಿಂದ ಹಣದ ಒಂದು ದಾರಿಯೂ ತೆರೆಯುತ್ತದೆ. ಮಳೆನೀರು ನಿರ್ವಹಣೆಗೆ ಪ್ರತ್ಯೇಕ ಶುಲ್ಕ ವಸೂಲಿ ಮಾಡುವ ನಗರಗಳಲ್ಲಿ ದಂಡೆ ಭದ್ರಪಡಿಸುವುದು, ಮೋರಿ ದೊಡ್ಡದು ಮಾಡುವುದು ಆ ಖಾತೆಯಿಂದಲೇ ಆಗಬಹುದು. ಕೊಳವೆ ಹಾಕಲೆಂದು ಒಳಚರಂಡಿ ಇಲಾಖೆ ಅಗೆದ ಪಟ್ಟಿಯನ್ನು ಮುಚ್ಚುವಾಗಲೇ ಹಾದಿಯ ತಳ ಹಾಕಿಬಿಟ್ಟರೆ ಎರಡನೇ ಬಾರಿ ಅಗೆಯುವ ಖರ್ಚು ಉಳಿಯುತ್ತದೆ. ಇದಕ್ಕೆ ಬೇಕಾಗಿರುವುದು ಎರಡು ಇಲಾಖೆಗಳ ಎಂಜಿನಿಯರುಗಳು ಒಂದೇ ನಕ್ಷೆಯನ್ನು ಎದುರಿಟ್ಟುಕೊಂಡು ಕೂರುವುದು.

ಸುಧಾರಣೆಗೆ ಹಣ ಬಂದರೆ ಮೊದಲು ಏನು ಮಾಡಬೇಕು?

ಈಗ ಹಾದಿಯನ್ನು ಬಳಸಲಾಗದೆ ಹೊರಗುಳಿದವರು ಯಾರು ಎಂದು ಕೇಳಬೇಕು. ಅಗಲಗೊಳಿಸುವುದು, ಕಲಾಕೃತಿ ನಿಲ್ಲಿಸುವುದು ಎಲ್ಲ ಆಮೇಲೆ. ಗಾಲಿಕುರ್ಚಿಯವರು ಸ್ವತಃ ತಳ್ಳಿಕೊಂಡು ಹೋಗಬೇಕಾದರೆ ಏರು ಶೇಕಡಾ 5ನ್ನು, ಅಂದರೆ 20 ಅಡಿಗೆ 1 ಅಡಿಯನ್ನು ಮೀರಬಾರದು ಎಂಬುದು ಸಾಮಾನ್ಯ ಮಾನದಂಡ. ಅಡ್ಡ ಇಳಿಜಾರು ಶೇಕಡಾ 2ರೊಳಗೆ ಇರಬೇಕು. ಅದಕ್ಕಿಂತ ಹೆಚ್ಚಾದರೆ ಕುರ್ಚಿ ಪಕ್ಕಕ್ಕೆ ಎಳೆಯುತ್ತಲೇ ಇರುತ್ತದೆ, ಕೈ ಸೋಲುತ್ತದೆ. ಎಷ್ಟೋ ಹಾದಿಗಳಲ್ಲಿ ಮಾರ್ಗವೆಲ್ಲ ಸರಿಯಿದ್ದು, ರಸ್ತೆಯಿಂದ ಇಳಿಯುವ ಕಡೆಯ ನಾಲ್ಕು ಮೆಟ್ಟಿಲು ಮಾತ್ರ ಇಡೀ ಹಾದಿಯನ್ನು ಮುಚ್ಚಿಬಿಟ್ಟಿರುತ್ತವೆ. ಆ ನಾಲ್ಕು ಮೆಟ್ಟಿಲಿಗೆ ಬದಲಾಗಿ ಇಳಿಜಾರು ದಾರಿ ಮಾಡುವುದಕ್ಕಿಂತ ಮಿಗಿಲಾದ ಸುಧಾರಣೆ ಇನ್ನೊಂದಿಲ್ಲ.

ನಂತರ ರಸ್ತೆ ದಾಟುವ ಜಾಗಗಳು. ಹಾದಿಯೊಳಗಿನ ಅಪಾಯಕ್ಕಿಂತ ಅದು ವೇಗದ ರಸ್ತೆಯನ್ನು ಮುಟ್ಟುವ ಕಡೆಯ ಅಪಾಯ ಎಷ್ಟೋ ಹೆಚ್ಚು. ನಡುದ್ವೀಪ, ಎತ್ತರಿಸಿದ ದಾಟು, ಗುಂಡಿ ಒತ್ತಿದರೆ ಕೆಂಪಾಗುವ ದೀಪ, ಇವು ಬಹುಕೋಟಿ ಸೇತುವೆಗಿಂತ ಬೇಗ ಆಗುವ ಕೆಲಸಗಳು.

ಹಾದಿಯುದ್ದಕ್ಕೂ ದೀಪ ಹಾಕಬೇಕೇ?

ಜನ ಕೆಲಸ ಮುಗಿಸಿ ಮನೆಗೆ ಮರಳುವ ತುಣುಕುಗಳಲ್ಲಿ, ಕೆಳಸೇತುವೆಗಳಲ್ಲಿ, ರಸ್ತೆ ದಾಟುಗಳಲ್ಲಿ ಬೇಕು. ಹೊಳೆಯ ಕಾಡಿನ ನಡುವೆ ಬೇಡ. ಅಲ್ಲಿ ರಾತ್ರಿ ಬಾವಲಿಗಳದ್ದು, ಮಿಂಚುಹುಳುಗಳದ್ದು.

ಬಜೆಟ್ ಪುಸ್ತಕ ಕೈಗೆ ಬಂದರೆ ಯಾವ ಪುಟ ನೋಡಬೇಕು?

ಮೊದಲು ಹಾದಿಗೆ ಪ್ರತ್ಯೇಕ ಲೆಕ್ಕಶೀರ್ಷಿಕೆ ಇದೆಯೇ ನೋಡಿ. ಉದ್ಯಾನ ನಿರ್ವಹಣೆಯೆಂಬ ಒಂದೇ ಮೊತ್ತದಲ್ಲಿ ಅದು ಕರಗಿಹೋಗಿದ್ದರೆ, ಪ್ರತ್ಯೇಕಿಸಿ ತೋರಿಸಿ ಎಂದು ಕೇಳುವುದೇ ನಿಮ್ಮ ಮೊದಲ ಬೇಡಿಕೆಯಾಗಲಿ. ಲೆಕ್ಕವೇ ಇಲ್ಲದ ಕೊರತೆಯನ್ನು ಯಾರೂ ತುಂಬುವುದಿಲ್ಲ. ಆಮೇಲೆ ನಿರ್ವಹಣಾ ಮೊತ್ತವನ್ನು ಹಾದಿಯ ಒಟ್ಟು ಉದ್ದದಿಂದ ಭಾಗಿಸಿ, ಐದು ವರ್ಷಗಳ ಹಿಂದಿನ ಅಂಕಿಯ ಪಕ್ಕದಲ್ಲಿಡಿ. ಮೊತ್ತ ಏರಿದ್ದರೂ ಕಿಲೋಮೀಟರಿಗೆ ಸಿಗುವ ಹಣ ಇಳಿದಿರಬಹುದು. ಜಾಲ ಬೆಳೆಯುತ್ತಿರುವ ನಗರಗಳಲ್ಲಿ ಇದು ಆಗಾಗ ಕಾಣುತ್ತದೆ. ಮಂಜೂರಾದದ್ದು ಎಷ್ಟು, ನಿಜವಾಗಿ ಖರ್ಚಾದದ್ದು ಎಷ್ಟು ಎಂಬ ಎರಡು ಕಂಬಸಾಲುಗಳನ್ನೂ ಹೋಲಿಸಿ. ಖರ್ಚಾಗದೆ ಉಳಿದ ನಿರ್ವಹಣಾ ಹಣ ವರ್ಷದ ಕೊನೆಯಲ್ಲಿ ಬೇರೆಡೆಗೆ ಹರಿಯುತ್ತದೆ.

ಸಾರ್ವಜನಿಕ ಅಹವಾಲು ಸಭೆಗೆ ಹೋಗುವುದಾದರೆ ಬಜೆಟ್ ಮಂಡನೆಯಾದ ಮೇಲೆ ಹೋಗಬೇಡಿ, ಇಲಾಖೆಗಳು ಬೇಡಿಕೆ ಪಟ್ಟಿ ಸಿದ್ಧಪಡಿಸುವ ತಿಂಗಳುಗಳಲ್ಲೇ ಹೋಗಿ. ಕರಡು ಹೊರಬಂದ ಮೇಲೆ ಒಂದು ಸಾಲು ಸೇರಿಸಬೇಕಾದರೆ ಇನ್ನೊಂದು ಸಾಲು ಕತ್ತರಿಸಬೇಕು, ಆಗ ಯಾರೂ ಜಾಗ ಬಿಡುವುದಿಲ್ಲ.

ದೋಷ ಕಂಡಾಗ ದೂರು ಕೊಟ್ಟರೆ ಹಣಕಾಸಿಗೆ ಏನಾದರೂ ಪರಿಣಾಮವಿದೆಯೇ?

ಇದೆ. ಕ್ರಮವಾದ ಸಮೀಕ್ಷೆ ಇಲ್ಲದ ನಗರಗಳಲ್ಲಿ ಯಾವ ತುಣುಕಿಗೆ ಹಣ ಎಂಬುದನ್ನು ದೂರುಗಳ ಎಣಿಕೆಯೇ ನಿರ್ಧರಿಸುತ್ತದೆ. ಇದರಲ್ಲಿ ಒಂದು ಅನ್ಯಾಯವಿದೆ: ಬಿಡುವು ಇರುವವರು, ಕಚೇರಿಯ ಭಾಷೆ ಬಲ್ಲವರು ಹೆಚ್ಚು ದೂರು ಕೊಡುತ್ತಾರೆ, ಅವರ ಹಾದಿ ಮೊದಲು ಸರಿಯಾಗುತ್ತದೆ. ಆದ್ದರಿಂದ ಇಡೀ ಜಾಲವನ್ನು ಒಮ್ಮೆ ನಡೆದು, ಪ್ರತಿ ತುಣುಕಿಗೂ ಸ್ಥಿತಿಯ ಅಂಕ ಕೊಟ್ಟು ಪ್ರಕಟಿಸಿ ಎಂದು ನಗರವನ್ನು ಕೇಳುತ್ತಲೇ ಇರಬೇಕು. ಅಲ್ಲಿಯವರೆಗೆ ದೂರು ಕೊಡುವಾಗ ಜಾಗವನ್ನು ನಿಖರವಾಗಿ ತಿಳಿಸಿ: ಹತ್ತಿರದ ದೂರಗಲ್ಲಿನ ಸಂಖ್ಯೆ, ಯಾವ ಬದಿ, ಉಬ್ಬು ಎಷ್ಟು ಎತ್ತರ. ಅಳತೆಗೆ ಪಕ್ಕದಲ್ಲಿ ನಾಣ್ಯವನ್ನೋ ಪೆನ್ನನ್ನೋ ಇಟ್ಟು ಚಿತ್ರ ತೆಗೆಯಿರಿ. ಮಳೆ ಸುರಿಯುತ್ತಿರುವಾಗ ನೀರು ಎಲ್ಲಿ ನಿಂತಿದೆ ಎಂದು ತೋರಿಸುವ ಚಿತ್ರವಂತೂ ಎಂಜಿನಿಯರಿಗೆ ಬಹಳ ಉಪಯೋಗಕ್ಕೆ ಬರುತ್ತದೆ. ಅವರು ಪರಿಶೀಲನೆಗೆ ಬರುವ ದಿನ ಬಿಸಿಲಿರುತ್ತದೆ, ನೀರು ಆರಿಹೋಗಿರುತ್ತದೆ. ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಮುಂದಿನ ಬಜೆಟ್ ಸಭೆಗೆ ಅದನ್ನು ತೆಗೆದುಕೊಂಡು ಹೋಗಿ.